ತ್ರ್ಯಂಬಕದ ಬಸ್ಸಿನಲ್ಲಿ ಸಿಕ್ಕ ಸಭೆ

ಓಝರ್‌ನ ಎಚ್‌ಎಎಲ್ ಕಾಲೊನಿಗೆ ನಾವು ಹೋದದ್ದು 1980ರ ದಶಕದಲ್ಲಿ. ಮಿಗ್ ವಿಮಾನಕ್ಕೆಂದೇ 1964ರಲ್ಲಿ ಶುರುವಾದ ಕಾರ್ಖಾನೆ ಅದು. ಬೆಂಗಳೂರಿನಿಂದ ವರ್ಗವಾಗಿ ಬಂದ ಕನ್ನಡಿಗರಿಗೇನೂ ಬರವಿರಲಿಲ್ಲ. ಯುಗಾದಿಗೆ ಹೋಳಿಗೆ ಕೊಟ್ಟು ಕಳಿಸುವ ಮನೆಗಳೂ ಇದ್ದವು. ಭಾನುವಾರ ಬೆಳಗಾದರೆ ಮಾತ್ರ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ನಾನು ಧಾರವಾಡದ ಬಾಸೆಲ್ ಮಿಶನ್ ಸಭೆಯಲ್ಲಿ ಬೆಳೆದವಳು. ಮಂಗಳೂರಿನ ಕಥೋಲಿಕ ಗೆಳತಿಯರು ನಾಶಿಕ್ ರೋಡಿನ ಬಾಲಯೇಸುವಿನ ಮಂದಿರಕ್ಕೆ ಪ್ರೀತಿಯಿಂದ ಕರೆದೊಯ್ದರು. ಅವರು ಎದ್ದಾಗ ಎದ್ದೆ, ಮಣಕಾಲೂರಿದಾಗ ಊರಿದೆ. ಮನೆಗೆ ಬಂದ ಮೇಲೂ ನೆಂಟರ ಮನೆಗೆ ಹೋಗಿ ಬಂದ ಹಾಗೇ ಇತ್ತು.

ಶ್ರಾವಣದ ಮೂರನೇ ಸೋಮವಾರ ಬಂತು. ತ್ರ್ಯಂಬಕೇಶ್ವರದಲ್ಲಿ ಅಂದು ಬ್ರಹ್ಮಗಿರಿ ಪ್ರದಕ್ಷಿಣೆ. ಪಕ್ಕದ ಕ್ವಾರ್ಟರ್ಸಿನ ಹುಬ್ಬಳ್ಳಿ ಅಕ್ಕಾರು, “ಗುಡಿಗೆ ಬರಬ್ಯಾಡ್ರಿ, ಗುಡ್ಡಾ ನೋಡಾಕರ ಬರ್ರಲಾ” ಅಂತ ಎಳೆದುಕೊಂಡೇ ಹೋದರು. ಗೋದಾವರಿ ಹುಟ್ಟುವ ಆ ಗುಡ್ಡ ಮೋಡದೊಳಗೆ ಅಡಗಿತ್ತು. ಕಂಡದ್ದೆಲ್ಲ ಕೆಸರು, ಬರಿಗಾಲಿನ ಜನ. ಅಕ್ಕಾರು ಕುಶಾವರ್ತ ಕುಂಡದಲ್ಲಿ ಮುಳುಗಿದರು, ನಾನು ದಂಡೆಯಲ್ಲಿ ಅವರ ಚೀಲ ಕಾಯ್ದೆ. ದರ್ಶನ ಮುಗಿಸಿ ಬಂದು, ಇಲ್ಲಿ ಲಿಂಗ ಮೇಲೆ ಎದ್ದಿರುವುದಿಲ್ಲ, ಕುಳಿಯೊಳಗೆ ಹೆಬ್ಬೆರಳಷ್ಟಷ್ಟೇ ಮೂರು ಲಿಂಗ ಎಂದು ಕೈ ಮಾಡಿ ತೋರಿಸಿದರು.

ಬರುವಾಗ ಎಸ್‌ಟಿ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಮರಾಠಿ ಆಜಿ. ನಡುದಾರಿಯ ಯಾವುದೋ ಹಳ್ಳಿಯಲ್ಲಿ ಹತ್ತಿದವಳು, ಒದ್ದೆ ಸೆರಗು ಹಿಂಡುತ್ತ ಅಭಂಗ ಗುನುಗುತ್ತಿದ್ದಳು. ಪಂಢರಪುರದ ದಿಂಡಿಗಳನ್ನು ನೋಡುತ್ತ ಬೆಳೆದ ನಮಗೆ ಆ ಧಾಟಿ ಹೊಸದೇನಲ್ಲ. ಆದರೆ ವಿಠ್ಠಲನ ಹೆಸರು ಬರಬೇಕಾದಲ್ಲಿ ಕ್ರಿಸ್ತನ ಹೆಸರು ಬಂತು. ನಾನು ತಿರುಗಿಯೇ ಕೂತೆ.

“ಆಜೀ, ಯಾರದಿದು?” ನನ್ನ ಹರಕು ಮರಾಠಿ.

“ಟಿಳಕರದು.”

ನನಗೆ ಗೊತ್ತಿದ್ದವರು ಲೋಕಮಾನ್ಯರೊಬ್ಬರೇ. ಆಜಿ ನಕ್ಕಳು. ಇವರು ನಾರಾಯಣ ವಾಮನ ಟಿಳಕ. ಕೊಂಕಣದ ಬ್ರಾಹ್ಮಣ, 1895ರಲ್ಲಿ ದೀಕ್ಷಾಸ್ನಾನ ಪಡೆದ ಕವಿ. ಹೆಂಡತಿ ಲಕ್ಷ್ಮೀಬಾಯಿ ಇಲ್ಲೇ ನಾಶಿಕದ ಹತ್ತಿರದ ಜಲಾಲಪುರದವರು. ಗಂಡ ಮತ ಬಿಟ್ಟನೆಂದು ವರ್ಷಗಟ್ಟಲೆ ದೂರವಿದ್ದು, ಕೊನೆಗೆ ತಾವೂ ಬಂದು, ಅದನ್ನೆಲ್ಲ ‘ಸ್ಮೃತಿಚಿತ್ರೆ’ಯಲ್ಲಿ ಬರೆದರು. ಆಜಿ ಇದನ್ನು ಹೇಳಿದ್ದು ಓಣಿಯ ಸುದ್ದಿ ಹೇಳಿದ ಹಾಗೆ. ಆಮೇಲೆ ನನ್ನ ಸರದಿ: ಯಾವ ಊರು, ಯಾವ ಸಭೆ, ಮಕ್ಕಳ ದೀಕ್ಷಾಸ್ನಾನ ಎಲ್ಲಾಯಿತು? ಓಝರ್‌ಗೆ ಬಂದಾಗಿನಿಂದ ಇಷ್ಟು ಬೆನ್ನುಹತ್ತಿ ಯಾರೂ ವಿಚಾರಿಸಿರಲಿಲ್ಲ. “ರವಿವಾರ ಶರಣಪುರಕ್ಕೆ ಬಾ” ಎಂದು ಇಳಿದುಹೋದಳು.

ನಾಶಿಕದ ಶರಣಪುರ 1850ರ ದಶಕದಲ್ಲಿ ಚರ್ಚ್ ಮಿಶನರಿ ಸೊಸೈಟಿಯವರು ಕಟ್ಟಿದ ಕೇರಿ. ಅರಬ್ಬೀ ಸಮುದ್ರದಲ್ಲಿ ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕದ ಮಕ್ಕಳು ಇಲ್ಲಿ ಓದು, ಕಸಬು ಕಲಿತರು. 1873ರಲ್ಲಿ ಅನ್ವೇಷಕ ಲಿವಿಂಗ್‌ಸ್ಟನ್ ಆಫ್ರಿಕದ ಹಳ್ಳಿಯೊಂದರಲ್ಲಿ ತೀರಿಕೊಂಡಾಗ ಪ್ರಾರ್ಥನೆ ಓದಿದ, ಶವದ ಜೊತೆ ಲಂಡನ್‌ವರೆಗೂ ಹೋದ ಜೇಕಬ್ ವೇನ್‌ರೈಟ್ ಇಲ್ಲಿ ಓದಿದ ಹುಡುಗನೇ. ಅಂಥವರು ಕೂತೆದ್ದ ಊರಿನಲ್ಲಿ ಧಾರವಾಡದವಳನ್ನು ಪರದೇಶಿ ಎನ್ನುವವರಾರು?

ಆ ಭಾನುವಾರ ತಬಲಾ, ತಾಳದ ಜೊತೆ ಆರಾಧನೆ ನಡೆಯಿತು. ನಮ್ಮ ಧಾರವಾಡದ ಸಭೆಯಲ್ಲಿ ಮಾತು ಕನ್ನಡ, ಧಾಟಿ ಜರ್ಮನಿಯದು. ಕಿಟ್ಟೆಲ್‌ರು 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ದೇಸಿ ಮಟ್ಟುಗಳಿಗೆ ಕೂರಿಸಿದ್ದರೂ ನಾನು ಅದನ್ನು ಸಭೆಯಲ್ಲಿ ಕೇಳಿದ್ದೇ ಇಲ್ಲ. ನಮ್ಮ ಹಿರಿಯರ ಮೇಲೆ ಈ ಸಿಟ್ಟು ನನಗೆ ಈಗಲೂ ಉಂಟು. ಆರಾಧನೆಯ ನಂತರ ಚಹಾ ಕುಡಿಯುವಾಗ ಆಜಿ ನನ್ನಿಂದ ಕನ್ನಡದ ಕೀರ್ತನೆ ಹಾಡಿಸಿದಳು. ಹಾರ್ಮೋನಿಯಂನವನು ಸುಮ್ಮನೆ ನನ್ನ ಮುಖ ನೋಡುತ್ತ ಕೂತ.

ಡಿಸೆಂಬರಿನಲ್ಲಿ ಆ ಮಂದಿ ಟೆಂಪೊ ಮಾಡಿಕೊಂಡು ನಮ್ಮ ಕ್ವಾರ್ಟರ್ಸಿಗೇ ಹಾಡಲು ಬಂದರು. ಅಕ್ಕಾರು ಬಾಗಿಲಿಗೆ ಬಂದು ಚಪ್ಪಾಳೆಯಲ್ಲಿ ತಾಳ ಹಾಕತೊಡಗಿದರು. “ಇದು ಪಂಢರಪುರದ್ದಲ್ಲೇನ್ರಿ?” ಅಂದರು. ಅಲ್ಲ, ಯೇಸುವಿನದು ಅಂದೆ.

“ಇರಲಿ ಬಿಡ್ರಿ. ಸಕ್ಕರಿ ಎಷ್ಟ್ ಮಂದಿಗೆ ಹಾಕ್ಲಿ?”