ಯಾರಿಗೂ ಬೇಡದ ಬೈಕು

ಹಳೆಯ ಜಪಾನಿ ಮೋಟಾರ್‌ಸೈಕಲ್ಲನ್ನು ಬಿಚ್ಚಿ ತನ್ನ ಮನಸ್ಸಿಗೊಪ್ಪುವಂತೆ ಹೊಸದಾಗಿ ಕಟ್ಟಿಕೊಳ್ಳಬೇಕೆನ್ನುವವರು ಹುಡುಕಬೇಕಾದದ್ದು ಯಾರಿಗೂ ಬೇಡವಾದ ಬೈಕನ್ನು. 1969ರ ಹೋಂಡಾ ಸಿಬಿ750, 1972ರ ಕವಾಸಾಕಿ ಝಡ್1 ಇಂಥವಕ್ಕೆ ಕಟರ್ ಹಚ್ಚುವುದು ಅನ್ಯಾಯ. ಅವು ಹುಟ್ಟಿದ ರೂಪದಲ್ಲೇ ಉಳಿಯಬೇಕು. ಬೇಡದ ಬೈಕು ಅಗ್ಗವೆಂಬುದು ಹೇಳಬೇಕಾದ ಮಾತಲ್ಲ. ಅದು ಕೊಡುವ ಸಲಿಗೆ ದೊಡ್ಡದು. ಅದರ ಸೀಟು ಕಿತ್ತು ಬಿಸಾಡಿದರೆ ಮರುಗುವವರಿಲ್ಲ.

ಬೇಡವಾಗುವುದರಲ್ಲಿ ಎರಡು ಬಗೆಯುಂಟು. ನೋಟ ಹಿಡಿಸದೆ ಮೂಲೆ ಸೇರಿದ್ದು ಒಂದು, ಹೊಟ್ಟೆಯೊಳಗೇ ದೋಷವಿದ್ದು ಸೇರಿದ್ದು ಇನ್ನೊಂದು. ಯಮಹಾ 1970ರ ದಶಕದ ಆರಂಭದಲ್ಲಿ ತಂದ ಟಿಎಕ್ಸ್750 ಎರಡನೆಯ ಬಗೆಯದು. ಎಂಜಿನ್ನಿನ ನಡುಕ ತಣಿಸಲು ಅದರಡಿಯಲ್ಲಿ ಚೈನಿನಿಂದ ಸುತ್ತುವ ತೂಕಗಳನ್ನು ಇಟ್ಟಿದ್ದರು. ಜೋರಾಗಿ ಓಡಿಸಿದಾಗ ಆ ತೂಕಗಳು ಆಯಿಲನ್ನು ಕಡೆದು ನೊರೆಯೆಬ್ಬಿಸುತ್ತಿದ್ದವು, ಬೇರಿಂಗುಗಳು ಒಣಗುತ್ತಿದ್ದವು. ಕಂಪನಿ ಆಮೇಲೆ ತಿದ್ದಿತಾದರೂ ಕೆಟ್ಟ ಹೆಸರು ಹೋಗಲಿಲ್ಲ. ಇಂಥದ್ದನ್ನು ಚರಿತ್ರೆಯ ಪ್ರೀತಿಗೆ ಕೊಳ್ಳಬಹುದು, ಕಸ್ಟಮ್ ಕೆಲಸಕ್ಕೆ ಬೇಡ. ಎಂಥ ಟ್ಯಾಂಕು ಕೂರಿಸಿದರೂ ಕೆಳಗಿರುವುದು ಅದೇ ಎಂಜಿನ್ನು.

ಮೊದಲ ಬಗೆಗೆ ಹೋಂಡಾ ಸಿಎಕ್ಸ್500ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1978ರಿಂದ 1983ರವರೆಗೆ ಮಾರಾಟವಾದ ಬೈಕಿದು. ಇಂಗ್ಲೆಂಡಿನವರು ಇದನ್ನು ಪ್ಲಾಸ್ಟಿಕ್ ಹುಳವೆಂದರು, ಜರ್ಮನಿಯವರು ಗೊಬ್ಬರದ ಬಗ್ಗಡ ಎತ್ತುವ ಪಂಪು ಎಂದರು. ಉಬ್ಬಿದ ಟ್ಯಾಂಕು, ದಪ್ಪ ಸೀಟು, ಎರಡೂ ಪಕ್ಕಕ್ಕೆ ಚಾಚಿದ ಸಿಲಿಂಡರುಗಳು. ಆ ಹೆಸರುಗಳು ಯಾಕೆ ಬಂದವೆಂದು ನೋಡಿದವರಿಗೆ ತಿಳಿಯುತ್ತದೆ. ಆದರೆ ಒಳಗಿನ ಕೆಲಸ ಅಚ್ಚುಕಟ್ಟಾದದ್ದು. 497 ಸಿಸಿಯ ವಿ-ಟ್ವಿನ್, ನೀರಿನಿಂದ ತಣಿಯುವ ಎಂಜಿನ್ನು, ಸಿಲಿಂಡರಿಗೆ ನಾಲ್ಕು ವಾಲ್ವು, ಚೈನಿನ ರಗಳೆಯಿಲ್ಲದ ಶಾಫ್ಟ್. ಕಾರ್ಬುರೇಟರುಗಳು ಸವಾರನ ಮೊಣಕಾಲಿಗೆ ತಾಗಬಾರದೆಂದು ಸಿಲಿಂಡರ್ ಹೆಡ್ಡುಗಳನ್ನು 22 ಡಿಗ್ರಿ ತಿರುಚಿ ಕೂರಿಸಿದರು. ಒಂದು ಮೊಣಕಾಲಿಗಾಗಿ ಅಷ್ಟು ಯೋಚಿಸಿದ ಎಂಜಿನಿಯರುಗಳಿಗೆ ಕೈಮುಗಿಯಬೇಕು. ಲಂಡನ್ನಿನ ಕೊರಿಯರ್ ಹುಡುಗರು ಇದನ್ನು ಮಳೆ ಚಳಿಯೆನ್ನದೆ ದಿನವಿಡೀ ದುಡಿಸಿಕೊಂಡರು. ಅದಕ್ಕಿಂತ ಕಠಿಣ ಪರೀಕ್ಷೆ ಬೈಕಿಗೆ ಬೇರೆ ಬೇಕಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಕೆಲವೇ. ಮೊದಲ ತಂಡದ ಬೈಕುಗಳಲ್ಲಿ ಕ್ಯಾಮ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ದುರ್ಬಲವಾಗಿತ್ತು. ಬದಲಾಗಿದೆಯೇ ಎಂದು ಕೇಳಬೇಕು. ಕರೆಂಟು ಹುಟ್ಟಿಸುವ ಸ್ಟೇಟರ್, ನೀರಿನ ಪಂಪಿನ ಸೀಲು ಎರಡೂ ಎಂಜಿನ್ನಿನ ಹಿಂಬದಿಯಲ್ಲಿವೆ. ಯಾವುದು ಕೆಟ್ಟರೂ ಎಂಜಿನ್ನನ್ನೇ ಇಳಿಸಬೇಕು. ಕಾಗದಪತ್ರ ಸರಿಯಿರಬೇಕು, ಬಿಡಿಭಾಗ ಪೂರ್ತಿಯಿರಬೇಕು. ಅರ್ಧ ಬಿಚ್ಚಿಟ್ಟ ಬೈಕಿನ ಕಡಿಮೆ ಬೆಲೆಗೆ ಮರುಳಾಗಬಾರದು.

ಇನ್ನು ಏರ್ ಬಾಕ್ಸ್, ಅಂದರೆ ಕಾರ್ಬುರೇಟರಿಗೆ ಗಾಳಿ ಒದಗಿಸುವ ಡಬ್ಬಿ. ಕಸ್ಟಮ್ ಬೈಕಿನ ಫೋಟೊ ಯಾವುದನ್ನೇ ನೋಡಿದರೂ ಸೀಟಿನ ಕೆಳಗೆ ಬಯಲು, ಕಾರ್ಬುರೇಟರಿನ ಹಿಂದೆ ಶಂಕುವಿನಾಕಾರದ ಪುಟ್ಟ ಫಿಲ್ಟರುಗಳು. ಆ ಬಯಲಿಗಾಗಿ ಏರ್ ಬಾಕ್ಸನ್ನು ಗುಜರಿಗೆ ಹಾಕಿರುತ್ತಾರೆ. ಬೈಕು ಕಟ್ಟುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. 1970ರ ದಶಕದ ಕೊನೆಯ ಜಪಾನಿ ಬೈಕುಗಳಲ್ಲಿ ಬಹಳಷ್ಟಕ್ಕೆ ಇರುವುದು ನಿರ್ವಾತದಿಂದ ನಡೆಯುವ ಕಾರ್ಬುರೇಟರು. ಎಕ್ಸಲರೇಟರ್ ತಿರುಗಿಸಿದರೆ ತೆರೆಯುವುದು ಒಂದು ತೆಳು ಬಿಲ್ಲೆ ಮಾತ್ರ. ಪೆಟ್ರೋಲಿನ ಸೂಜಿಯನ್ನು ಹೊತ್ತ ಸ್ಲೈಡ್ ಮೇಲೇಳುವುದು ತೆಳು ರಬ್ಬರ್ ಪೊರೆಯೊಂದರ ಎರಡು ಬದಿಯ ಒತ್ತಡದ ವ್ಯತ್ಯಾಸದಿಂದ. ಆ ವ್ಯತ್ಯಾಸ ಬಹಳ ಸೂಕ್ಷ್ಮ. ಅದು ಕದಡದಿರಲು ಕಾರ್ಬುರೇಟರಿನ ಬಾಯಿಗೆ ನಿಶ್ಚಲವಾದ ಗಾಳಿ ಬೇಕು. ನೋಡಲು ಚಂದವಿಲ್ಲದ ಆ ಕಪ್ಪು ಡಬ್ಬಿ ಒದಗಿಸುವುದು ಅದನ್ನೇ. ಡಬ್ಬಿ ಹೋದ ಮೇಲೆ ಅಡ್ಡಗಾಳಿ ಬೀಸಿದರೂ ಪೊರೆ ತತ್ತರಿಸುತ್ತದೆ, ಬೈಕು ನಡುವೇಗದಲ್ಲಿ ಮುಗ್ಗರಿಸುತ್ತದೆ, ಜೆಟ್ಟು ಎಷ್ಟು ಬದಲಿಸಿದರೂ ಪಿಕಪ್ ನೆಟ್ಟಗಾಗುವುದಿಲ್ಲ. ಕೆಲವು ಫಿಲ್ಟರುಗಳ ರಬ್ಬರ್ ಅಂಚು ಕಾರ್ಬುರೇಟರಿನ ಸಣ್ಣ ಗಾಳಿರಂಧ್ರಗಳನ್ನೇ ಮುಚ್ಚಿಬಿಡುತ್ತದೆ. ನಿಂತಾಗ ಚಂದ ಕಾಣಲೆಂದು ಓಡುವ ಗುಣವನ್ನು ಬಲಿಕೊಟ್ಟ ಬೈಕು ನಿಲ್ಲುವುದಕ್ಕೇ ಲಾಯಕ್ಕು. ಏರ್ ಬಾಕ್ಸ್ ಇಟ್ಟುಕೊಂಡೇ ಗೆರೆ ತಿದ್ದುವವರು ನಿಜವಾದ ಕುಶಲಕರ್ಮಿಗಳು.

ಗೆರೆಯ ವಿಷಯ ಚಿಕ್ಕದು. ಟ್ಯಾಂಕಿನ ತಳವೂ ಸೀಟಿನ ತಳವೂ ಒಂದೇ ನೇರಕ್ಕೆ ಬಂದರೆ ಬೈಕು ಕಣ್ಣಿಗೆ ಹಗುರಾಗುತ್ತದೆ. ಸಿಎಕ್ಸ್500ರಲ್ಲಿ ಅದು ತಾನಾಗಿ ಬರುವುದಿಲ್ಲ. ಟ್ಯಾಂಕಿನ ಕೂರುವಿಕೆ ಬದಲಿಸಿ, ಫ್ರೇಮಿನ ಹಿಂತುದಿ ಕತ್ತರಿಸಿ ಹೊಸ ಕೊಳವೆ ಬೆಸೆಯುತ್ತಾರೆ. ಆದರೆ ಶಾಕ್ ಅಬ್ಸಾರ್ಬರ್ ಕೂರುವ ಜಾಗದಿಂದ ಮುಂದಕ್ಕೆ ಗರಗಸ ಬರಕೂಡದು.

ಭಾರತದಲ್ಲಿ ಅಷ್ಟಕ್ಕೂ ಎಡೆಯಿಲ್ಲ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನದ ರಚನೆ ಬದಲಿಸಕೂಡದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕುರಿತು ತೀರ್ಪು ಕೊಟ್ಟಿದೆ. ಹಾಗಾಗಿ ಇಲ್ಲಿ ಸೀಟು, ಹ್ಯಾಂಡಲ್, ಬಣ್ಣದ ಕೆಲಸಕ್ಕೆ ತೃಪ್ತಿಪಡುವುದು ಕ್ಷೇಮ. ಇಲ್ಲೂ ಬೇಡವಾದ ಜಪಾನಿ ಬೈಕೊಂದಿತ್ತು. ಯಮಹಾ ಆರ್‌ಡಿ350 ಇಲ್ಲಿ 1983ರಿಂದ ರಾಜ್‌ದೂತ್ 350 ಆಗಿ ಬಂತು. ಎಸ್ಕಾರ್ಟ್ಸ್ ಕಂಪನಿ ಅದರ ಶಕ್ತಿ ಇಳಿಸಿತ್ತು, ಮುಂದಿನ ಡಿಸ್ಕ್ ಬ್ರೇಕಿನ ಬದಲು ಡ್ರಮ್ ಹಾಕಿತ್ತು. ಪೆಟ್ರೋಲು ಕುಡಿಯುತ್ತದೆಂದು ಜನ ಹಿಂಜರಿದರು, 100 ಸಿಸಿಯ ಬೈಕುಗಳ ಕಡೆ ಹೊರಳಿದರು. ಅಗ್ಗಕ್ಕೆ ಕೊಂಡವರು ರೇಸಿಗೆಂದು ಅದರ ಸೈಲೆನ್ಸರ್ ಕಿತ್ತರು, ಪೋರ್ಟು ಕೊರೆದರು. ಈಗ ಅದರ ಮೂಲ ಭಾಗಗಳಿಗೆ ಊರೂರು ಹುಡುಕಾಟ ನಡೆದಿದೆ. ಅದಕ್ಕೇ ಬೇಡದ ಬೈಕು ಕಟ್ಟುವವರು ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಅಂಟಿಸಿ, ಆಯಿಲ್ ಸವರಿ, ಪೆಟ್ಟಿಗೆಯಲ್ಲಿ ಎತ್ತಿಡಬೇಕು. ಮಾರುವಾಗ ಆ ಪೆಟ್ಟಿಗೆಯನ್ನೂ ಬೈಕಿನ ಜೊತೆಗೇ ಕೊಡಬೇಕು.