ಪಕ್ಕದ ಮನೆಯ ಹಳದಿ ಗರಗಸ

ಪೋರ್ಟ್‌ಲ್ಯಾಂಡ್, ಆರೆಗಾನ್
ಮೇ ತಿಂಗಳು

ಪ್ರೀತಿಯ ತಮ್ಮನಿಗೆ,

ಜಲಪಾತ, ಗುಲಾಬಿ ತೋಟ, ಸಮುದ್ರ ಎಲ್ಲದರ ಫೋಟೋಗಳನ್ನೂ ನಿನ್ನ ಅತ್ತಿಗೆ ಆಗಲೇ ಗ್ರೂಪಿಗೆ ಹಾಕಿಯಾಗಿದೆ, ಅದರ ಬಗ್ಗೆ ನಾನು ಮತ್ತೆ ಕೊರೆಯುವುದಿಲ್ಲ. ನಿನಗೆ ರುಚಿಸುವ ಸಂಗತಿ ಬೇರೆ ಇದೆ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಕಾಡಿನಲ್ಲಿ ಮರ ಕೊಯ್ದೇ ವಯಸ್ಸು ಕಳೆದವರು. ಯಾರೋ ಮನೆ ಖಾಲಿ ಮಾಡುವಾಗ ಮಾರಿದ ಒಂದು ಹಳೇ ಚೈನ್ ಸಾ ತಂದು ಬಿಚ್ಚಿ ಕೂತಿದ್ದರು. ನನ್ನ ಇಂಗ್ಲಿಷು ಅವರಿಗೆ, ಅವರ ಇಂಗ್ಲಿಷು ನನಗೆ ಅರ್ಧಂಬರ್ಧ. ಆದರೆ ಟೂ ಸ್ಟ್ರೋಕ್ ಇಂಜಿನ್ ಮುಂದೆ ಕೂತ ಇಬ್ಬರಿಗೆ ಮಾತು ಎಷ್ಟು ಬೇಕು ಹೇಳು.

ಮಿಷನ್ನು ಮೆಕಲಾಕ್ ಕಂಪನಿಯ 10-10. 54 ಸಿಸಿ, ಹಳದಿ ಬಣ್ಣ, ಪ್ಲಾಸ್ಟಿಕ್ಕಿಗಿಂತ ಲೋಹವೇ ಜಾಸ್ತಿ. 1949ರಲ್ಲಿ 25 ಪೌಂಡಿನ, ಅಂದರೆ ಸುಮಾರು 11 ಕಿಲೋದ ಗರಗಸ ಮಾಡಿ ಹೆಸರು ಗಳಿಸಿದ ಕಂಪನಿ ಇದು. ಜರ್ಮನಿಯ ಸ್ಟಿಲ್‌ನವರು 1929ರಲ್ಲಿ ಮಾಡಿದ ಪೆಟ್ರೋಲ್ ಗರಗಸ 46 ಕಿಲೋ ಇತ್ತಂತೆ, ಇಬ್ಬರು ಹೊರಬೇಕಿತ್ತು. ಕಂಪನಿ ಕಟ್ಟಿದ ಈ ಮೆಕಲಾಕ್ ಮಹಾಶಯ ಗರಗಸಕ್ಕೇ ನಿಂತವನಲ್ಲ. ಲಂಡನ್ನಿನವರು ಭಾರ ತಡೆಯದೆ ಕುಸಿಯುತ್ತಿದ್ದ ತಮ್ಮ 1831ರ ಸೇತುವೆಯನ್ನು ಮಾರಾಟಕ್ಕಿಟ್ಟಾಗ, 1968ರಲ್ಲಿ 24 ಲಕ್ಷ 60 ಸಾವಿರ ಡಾಲರಿಗೆ ಕೊಂಡು, ಕಲ್ಲುಗಳಿಗೆ ನಂಬರು ಹಾಕಿಸಿ ಅರಿಜೋನಾದ ಮರುಭೂಮಿಗೆ ಸಾಗಿಸಿ, ತಾನು ಕಟ್ಟಿಸುತ್ತಿದ್ದ ಊರಿನಲ್ಲಿ ಮತ್ತೆ ಜೋಡಿಸಿದ. ಅದು ಈಗಲೂ ಅಲ್ಲಿದೆ. ದುಡ್ಡು ಜಾಸ್ತಿಯಾದರೆ ನಮ್ಮ ಕಡೆ ತೋಟ ಕೊಳ್ಳುತ್ತಾರೆ, ಇವನು ಸೇತುವೆ ಕೊಂಡ.

ರಿಪೇರಿಗೆ ಬರುತ್ತೇನೆ. ಅಜ್ಜ ಮೊದಲು ಮಾಡಿದ್ದು ಹಗ್ಗದ ಹಿಡಿ ಹಿಡಿದು ಮಿಷನ್ನನ್ನು ಮೇಲಕ್ಕೆತ್ತಿ ತೂಗುಬಿಟ್ಟದ್ದು. ಅದು ದಡಕ್ಕನೆ ಇಳಿಯದೆ ತಡೆತಡೆದು ಇಳಿಯಿತು, ಅಂದರೆ ಕಂಪ್ರೆಶನ್ ಇದೆ. ಆಮೇಲೆ ಸೈಲೆನ್ಸರ್ ಬಿಚ್ಚಿ, ಹೊಗೆ ಹೋಗುವ ಕಿಂಡಿಯಲ್ಲಿ ಬ್ಯಾಟರಿ ಬಿಟ್ಟು ಪಿಸ್ಟನ್ನಿನ ಮೈ ನೋಡಿದರು. ಅಲ್ಲಿ ಉದ್ದುದ್ದ ಗೀರು ಕಂಡರೆ ಹಿಂದೆ ಯಾರೋ ಆಯಿಲ್ ಬೆರೆಸದೆ ಓಡಿಸಿದ್ದಾರೆಂದು ಲೆಕ್ಕ, ಅಂಥದಕ್ಕೆ ಕೈಹಾಕದಿರುವುದೇ ಲೇಸು. ಇದರ ಪಿಸ್ಟನ್ ನುಣ್ಣಗಿತ್ತು.

ಕರೆಂಟು ಮಾತ್ರ ಬರುತ್ತಿರಲಿಲ್ಲ. ಫ್ಲೈವೀಲ್ ತೆಗೆದರೆ ಕೆಳಗೆ ನಮ್ಮ ಹಳೇ ಸ್ನೇಹಿತ, ಸಿ.ಬಿ. ಪಾಯಿಂಟು! ಮೈಸೂರಿನ ಯೆಜ್ಡಿಯಲ್ಲಿ ನೀನು ಎಷ್ಟು ಸಲ ಉಜ್ಜಿದ್ದೀಯೋ, ಅದೇ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದಕ್ಕೆ ಬೂದು ಪೊರೆ ಕಟ್ಟಿತ್ತು. ಸಣ್ಣ ಅರದಲ್ಲಿ ಹಗುರವಾಗಿ ತಿಕ್ಕಿ, ನಡುವೆ ಶುಭ್ರವಾದ ಕಾಗದದ ಚೂರು ಎಳೆದು, ಫೀಲರ್ ಗೇಜಿನಲ್ಲಿ ಅರ್ಧ ಮಿಲಿಮೀಟರಿಗೂ ಕಮ್ಮಿ ಸಂದು ಇಟ್ಟರು. ಪ್ಲಗ್ಗಿನಲ್ಲಿ ನೀಲಿ ಕಿಡಿ ಹಾರಿತು.

ಇನ್ನುಳಿದದ್ದು ರಬ್ಬರು. ಹಳೇ ಮಿಷನ್ನಿನಲ್ಲಿ ಕಬ್ಬಿಣ ಸಾಯುವುದಿಲ್ಲ, ರಬ್ಬರು ಸಾಯುತ್ತದೆ. ಟ್ಯಾಂಕಿನೊಳಗಿನ ಪೆಟ್ರೋಲ್ ಪೈಪು ಮುಟ್ಟಿದರೆ ಬೆಲ್ಲದ ಪಾಕದಂತೆ ಕೈಗೆ ಅಂಟಿತು. ಕಾರ್ಬೊರೇಟರಿನ ಡಯಾಫ್ರಾಮು ಮಾತ್ರ ಸೆಟೆದುಕೊಂಡು ಗಟ್ಟಿಯಾಗಿತ್ತು. ಬೈಕಿನ ಕಾರ್ಬೊರೇಟರಿನ ಹಾಗೆ ಇದರಲ್ಲಿ ತೇಲುವ ಫ್ಲೋಟ್ ಇಲ್ಲ, ಮಿಷನ್ನನ್ನು ಮಗ್ಗುಲಿಗೆ, ತಲೆಕೆಳಗೆ ಹಿಡಿದೂ ಕೊಯ್ಯಬೇಕಲ್ಲ. ಇಂಜಿನ್ನಿನ ಒಳಗಿನ ಒತ್ತಡ ಏರಿಳಿದಂತೆ ಬಡಿದುಕೊಳ್ಳುವ ಆ ತೆಳುಪೊರೆಯೇ ಪೆಟ್ರೋಲ್ ಎಳೆಯುವ ಪಂಪು. ಅದು ಗಟ್ಟಿಯಾದರೆ ಹಗ್ಗ ಎಳೆದು ಎಳೆದು ರಟ್ಟೆ ಬೀಳಬೇಕೇ ಹೊರತು ಇಂಜಿನ್ ಮಾತಾಡುವುದಿಲ್ಲ. ಹೊಸ ಕಿಟ್ ಹಾಕಿ, ಎರಡೂ ಸೂಜಿ ತಿರುಪುಗಳನ್ನು ಮೆಲ್ಲಗೆ ಮುಚ್ಚಿ, ಒಂದೊಂದು ಸುತ್ತು ಬಿಚ್ಚಿ ಶುರುಮಾಡಿದರು. ಪೆಟ್ರೋಲಿಗೆ ಆಯಿಲ್ 32ಕ್ಕೆ 1.

ಟ್ಯೂನಿಂಗ್ ಅವರು ಕಿವಿಯಲ್ಲೇ ಮಾಡಿದರು, ಇದನ್ನು ನೀನು ಬರೆದಿಟ್ಟುಕೋ. ಮರಕ್ಕೆ ತಾಗಿಸದೆ ಪೂರ್ತಿ ರೇಸ್ ಕೊಟ್ಟಾಗ ಇಂಜಿನ್ ಸ್ವಲ್ಪ ತೊದಲಬೇಕು, ದಿಮ್ಮಿಗೆ ಇಟ್ಟಾಗ ಆ ತೊದಲು ನಿಲ್ಲಬೇಕು. ಖಾಲಿ ಓಡುವಾಗಲೇ ನುಣುಪಾಗಿ ಕಿರುಚಿಕೊಂಡರೆ ಕೇಳಲು ಚೆಂದ, ಆದರೆ ಪೆಟ್ರೋಲ್ ಸಾಲುತ್ತಿಲ್ಲ. ಪೆಟ್ರೋಲ್ ಕಮ್ಮಿಯಾದರೆ ಅದರ ಜೊತೆ ಬರುವ ಆಯಿಲೂ ಕಮ್ಮಿ, ಪಿಸ್ಟನ್ ಜಾಮ್ ಆಗುವುದು ಆಗಲೇ.

ಚೈನು ಮಾತ್ರ ಹೊಸದು, ಅದೂ ಇದೇ ಊರಿನಲ್ಲಿ ಹುಟ್ಟಿದ ಕಂಪನಿಯದು. ನಮ್ಮ ಪೇಟೆಯ ಅಂಗಡಿಗಳಲ್ಲೂ ಸಿಗುತ್ತದಲ್ಲ, ‘ಆರೆಗಾನ್’, ಅದೇ. ಮೊದಲಿನ ಚೈನುಗಳ ಹಲ್ಲು ಕೈಗರಗಸದ ಹಾಗೆ ಮರವನ್ನು ಕೆರೆಯುತ್ತಿತ್ತು, ಕೊಯ್ಯುವಷ್ಟೇ ಹೊತ್ತು ಹರಿತ ಮಾಡುವುದಕ್ಕೂ ಹೋಗುತ್ತಿತ್ತಂತೆ. ಜೋ ಕಾಕ್ಸ್ ಎಂಬ ಮರಕಡಿಯುವವನು 1946ರಲ್ಲಿ ಒಂದು ಕೊರಡಿನೊಳಗೆ ಮರಕೊರಕ ದುಂಬಿಯ ಮರಿಹುಳವನ್ನು ಕಂಡ. ಬಾಗಿದ ಎರಡು ದವಡೆಗಳಲ್ಲಿ ಅತ್ತಿತ್ತ ಕಡಿಯುತ್ತ, ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಅದು ಸರಾಗ ಸಾಗುತ್ತಿತ್ತು. ಅದನ್ನೇ ನೋಡಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಚಕ್ಕೆ ಕೀಳುವ ಚೈನು ಮಾಡಿದ. 1947ರಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲೇ ಕಾರ್ಖಾನೆ ಆರಂಭಿಸಿದ. ಇವತ್ತಿನ ಚೈನುಗಳ ಮೂಲ ಅದೇ. ತೆಂಗಿನ ಸುಳಿ ಕೊರೆಯುವ ದುಂಬಿಯನ್ನು ನಾವು ಕಾಲಕಾಲದಿಂದ ನೋಡುತ್ತಿದ್ದೇವೆ, ಬೈಯುವುದು ಬಿಟ್ಟು ಬೇರೇನೂ ಹೊಳೆದಿಲ್ಲ.

ಕೊನೆಗೆ ಮಿಷನ್ ಹೊತ್ತಿತು. ಮೇಪಲ್ ದಿಮ್ಮಿಯೊಂದನ್ನು ಕೊಯ್ದರು, ಬೆರಳುಗುರಿನಷ್ಟು ಚಕ್ಕೆ ಹಾರಿತು. ನುಣ್ಣನೆ ಹುಡಿ ಬಿದ್ದರೆ ಚೈನು ಮೊಂಡು ಅಂತ ತಿಳಿ. ಚೈನು ಸುತ್ತುವ ಬಾರಿಗೆ ಆಯಿಲ್ ತಾನಾಗಿ ಬರುವುದಿಲ್ಲ, ಕೊಯ್ಯುತ್ತಲೇ ಹೆಬ್ಬೆರಳಲ್ಲಿ ಗುಂಡಿ ಒತ್ತುತ್ತಿರಬೇಕು. ನನಗೂ ಕೊಟ್ಟರು. ಕೆಳಗಿಟ್ಟ ಮೇಲೂ ಮುಂಗೈ ಜುಮ್ಮೆನ್ನುತ್ತಿತ್ತು, ಏಕೆಂದರೆ ಹಿಡಿಗೂ ಇಂಜಿನ್ನಿಗೂ ನಡುವೆ ಅದುರು ತಡೆಯುವ ರಬ್ಬರಾಗಲಿ ಸ್ಪ್ರಿಂಗಾಗಲಿ ಇಲ್ಲ. ಅಂಥ ಮಿಷನ್ ಹಿಡಿದೇ ದುಡಿದ ಅಜ್ಜನ ಬೆರಳುಗಳು ಚಳಿ ಬಂದರೆ ಬೆಳ್ಳಗಾಗಿ ಮರಗಟ್ಟುತ್ತವೆ. ಚೈನ್ ಬ್ರೇಕೂ ಇಲ್ಲ. ಬಾರಿನ ತುದಿಯ ಮೇಲ್ಭಾಗ ಎಲ್ಲಾದರೂ ತಗುಲಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಗರಗಸ ಮುಖಕ್ಕೇ ಹಾರುತ್ತದೆ. ಹಾಗಾಗಿ ಅಜ್ಜ ಇದನ್ನು ಭಾನುವಾರ ಒಂದೆರಡು ದಿಮ್ಮಿಗಷ್ಟೇ ಇಳಿಸುತ್ತಾರೆ, ಚಳಿಗಾಲದ ಸೌದೆಗೆಲ್ಲ ಹೊಸ ಮಿಷನ್ನೇ. ನನಗೂ ಅದೇ ಸರಿ ಎನಿಸಿತು. ಹಳೆಯದರ ಮೇಲೆ ಪ್ರೀತಿಯಿದ್ದರೆ ರಿಪೇರಿ ಮಾಡು, ಕೂಲಿಗೆ ಹಚ್ಚಬೇಡ.

ಇಷ್ಟೆಲ್ಲ ಬರೆದದ್ದಕ್ಕೆ ಕಾರಣವಿದೆ. ಇಲ್ಲಿಯ ಪೆಟ್ರೋಲಿಗೆ ಶೇ. 10 ಎಥನಾಲ್ ಬೆರೆಸುತ್ತಾರೆ, ಅಜ್ಜ ಅದನ್ನೂ ಹಾಕದೆ, ಎಥನಾಲ್ ಇಲ್ಲದ್ದನ್ನು ಕೆಲವು ಬಂಕುಗಳಲ್ಲಿ ಹುಡುಕಿ ತರುತ್ತಾರೆ. ನಮ್ಮಲ್ಲೀಗ ಶೇ. 20. ಎಥನಾಲ್ ನೀರಿನ ಪಸೆ ಹೀರುತ್ತದೆ, ರಬ್ಬರು ಕೆಡಿಸುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಕೇಳಬೇಕೆ? ಮಿಷನ್ ಬೇಕಾಗುವುದೂ ಆಗಲೇ, ದಾರಿಗೆ ಮರ ಬಿದ್ದ ದಿನ. ಆದ್ದರಿಂದ ಕೊಟ್ಟಿಗೆ ಅಟ್ಟದ ಮೇಲಿರುವ ನಮ್ಮ ಗರಗಸವನ್ನು ಈ ವಾರವೇ ಇಳಿಸು. ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಿಸಿ ಕಾರ್ಬೊರೇಟರನ್ನೂ ಒಣಗಿಸು. ಕಳೆ ಹೊಡೆಯುವ ಮಿಷನ್ನಿಗೂ ಹಾಗೇ ಮಾಡು. ಬೆರೆಸಿದ ಪೆಟ್ರೋಲ್ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಡಬೇಡ. ಗರಗಸದ ಮುಂದಿನ ಕೈಗಾರ್ಡು ಮುರಿದಿದೆಯಲ್ಲ, ಅದು ಬರೀ ಗಾರ್ಡಲ್ಲ, ಬ್ರೇಕಿನ ಲಿವರೂ ಅದೇ. ಹೊಸದು ಹಾಕಿಸುವತನಕ ಕೆಲಸದವರ ಕೈಗೆ ಆ ಮಿಷನ್ ಕೊಡಬೇಡ.

ಇಂತು ನಿನ್ನ
ಅಣ್ಣ