ದುರ್ಗದ ಬಂಡೆ, ಓಲ್ಡ್ ಟೌನಿನ ಬುತ್ತಿ

ಭದ್ರಾವತಿಯ ಹಳೆಯ ಭಾಗವನ್ನು ಕಾಗದಪತ್ರಗಳಲ್ಲಿ ಹಳೇನಗರವೆಂದು ಬರೆದರೂ ಜನರ ಬಾಯಲ್ಲಿ ಅದು ಓಲ್ಡ್ ಟೌನೇ. ಭದ್ರಾ ನದಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಇಕ್ಕಟ್ಟಾದ ಬೀದಿಗಳು, ಹೂವು ತರಕಾರಿಗಳ ಅಂಗಡಿಗಳು, ಇವುಗಳ ನಡುವೆ ನನ್ನ ಬಾಳಿನ ಬಹುಭಾಗ ಕಳೆದಿದೆ. ಊರಿಗೆ ಹಿಂದೆ ಇದ್ದ ಬೆಂಕಿಪುರವೆಂಬ ಹೆಸರು ಈಗ ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ. ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿದ ಮೇಲೆ ಇಲ್ಲಿಯ ಮನೆಗಳ ದಿನಚರಿ ಪಾಳಿಯ ಗಂಟೆಗಳಿಗೆ ಹೊಂದಿಕೊಂಡಿತು. ಪಾಳಿಗೆ ಹೊರಡುವವನ ಕೈಯಲ್ಲಿ ಬುತ್ತಿ ಇರಲೇಬೇಕು ಎಂಬುದು ಈ ಊರಿನ ಗೃಹಿಣಿಯರ ಬರೆಯದ ಕಟ್ಟಳೆಯಾಯಿತು.

ಮಠದ ಪಾಠಶಾಲೆಯಲ್ಲಿ ವ್ಯಾಸಂಗ ಮುಗಿಸಿ ಉಪಾಧ್ಯಾಯನಾಗಿ ಈ ಊರಿಗೆ ಬಂದ ಹೊಸದರಲ್ಲಿ ನನ್ನ ನೆರೆಮನೆಯವರೊಬ್ಬರು ಕುಲುಮೆಯ ಮುಂದೆ ದುಡಿಯುತ್ತಿದ್ದರು. ಅವರ ಬುತ್ತಿಯಲ್ಲಿ ರೊಟ್ಟಿ, ಪಲ್ಯಗಳ ಜೊತೆಗೆ ಉಪ್ಪು ಬೆರೆಸಿದ ನೀರು ಮಜ್ಜಿಗೆಯ ದೊಡ್ಡ ಪಾತ್ರೆಯೊಂದು ಇರುತ್ತಿತ್ತು. "ಇಷ್ಟೊಂದು ಮಜ್ಜಿಗೆ ಏಕೆ?" ಎಂದು ಒಮ್ಮೆ ಕೇಳಿದೆ. "ಮೇಷ್ಟ್ರೇ, ಬೆವರಿನಲ್ಲಿ ಹೋದ ಉಪ್ಪು ಬರೀ ನೀರು ಕುಡಿದರೆ ಹಿಂತಿರುಗಿ ಬರುವುದಿಲ್ಲ" ಎಂದರು. ಆ ಮಾತು ನನ್ನ ಕಿವಿಗೆ ಬಿತ್ತೇ ಹೊರತು ಬುದ್ಧಿಗೆ ಇಳಿಯಲಿಲ್ಲ. ಅದು ಇಳಿಯಬೇಕಾದರೆ ನಾನು ಚಿತ್ರದುರ್ಗದ ಬಂಡೆಯ ಬುಡದಲ್ಲಿ ಒಂದು ಗಳಿಗೆ ನಡುಗಿ ನಿಲ್ಲಬೇಕಾಯಿತು.

ನನ್ನ ಮಗಳ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಹದಿನೆಂಟರ ಪ್ರಾಯ. ಅಲ್ಲಿ ಕೃತಕ ಗೋಡೆಯನ್ನು ಹತ್ತಿ ಅಭ್ಯಾಸ ಮಾಡಿದ ಅವನಿಗೆ ಶಿಲಾರೋಹಣದ ಗೀಳು ಹಿಡಿದಿದೆ. ದೀಪಾವಳಿಗೆ ಬಂದವನು, "ಅಜ್ಜಾ, ದುರ್ಗದ ತುಪ್ಪದ ಕೊಳದ ಬಂಡೆಯನ್ನು ಹತ್ತಬೇಕು, ನೀವೂ ಬನ್ನಿ" ಎಂದು ಹಟ ಹಿಡಿದ. ಜೊತೆಗೆ ಅವನ ಇಬ್ಬರು ಗೆಳೆಯರು. ಹೊರಡಲು ಅನುಕೂಲವಾದ ದಿನ ಕಾರ್ತಿಕ ಸೋಮವಾರವಾಗಿತ್ತು. ನಮ್ಮ ಮನೆಯಲ್ಲಿ ಅಂದು ಒಪ್ಪೊತ್ತು. ಸಂಜೆಯ ಶಿವಪೂಜೆಯ ತನಕ ಯಾರೂ ಉಣ್ಣುವುದಿಲ್ಲ. ಹುಡುಗ ಶಕ್ತಿವರ್ಧಕವೆಂಬ ಪುಡಿಯ ಡಬ್ಬಿಯೊಂದನ್ನೂ ಬಣ್ಣದ ಪಾನೀಯದ ಬಾಟಲಿಗಳನ್ನೂ ತಂದಿದ್ದ. ನಾನು ನಕ್ಕು, "ನಿಯಮ ಪಾಲಿಸಿದವನಿಗೆ ಶಕ್ತಿಯನ್ನು ಡಬ್ಬಿಯಿಂದ ತೆಗೆಯಬೇಕಾದುದಿಲ್ಲ" ಎಂದೆ. ಹಿರಿಯರ ಮಾತನ್ನು ಮೀರದ ಹುಡುಗ ಡಬ್ಬಿಯನ್ನು ಬಿಟ್ಟು, ನನ್ನಂತೆಯೇ ಉಪವಾಸದಲ್ಲಿ ಹೊರಟ. ಅವನ ಅಜ್ಜಿ ಮಾತ್ರ ಒಳಗಿನಿಂದ ಬಂದು, "ಉಪವಾಸವಾದರೂ ಸರಿಯೇ, ಬುತ್ತಿಯಿಲ್ಲದೆ ಈ ಮನೆಯ ಹೊಸ್ತಿಲು ದಾಟಕೂಡದು. ಗೆಳೆಯರಾದರೂ ತಿನ್ನಲಿ" ಎಂದು ಗಂಟೊಂದನ್ನು ಕೈಗಿತ್ತಳು.

ಚನ್ನಗಿರಿಯ ಅಡಿಕೆ ತೋಟಗಳನ್ನು ದಾಟಿ, ಹೊಳಲ್ಕೆರೆಯ ಮಾರ್ಗವಾಗಿ ಸಾಗಿದೆವು. ಮಲೆನಾಡಿನ ಅಂಚು ಹಿಂದೆ ಸರಿದು, ಬಯಲು ತೆರೆದು, ಕೊನೆಗೆ ಒಂದರ ಮೇಲೊಂದು ಪೇರಿಸಿಟ್ಟಂತಿರುವ ದುರ್ಗದ ಬಂಡೆಗಳು ಕಾಣಿಸಿಕೊಂಡವು. ಏಳು ಸುತ್ತಿನ ಈ ಕೋಟೆ ಮದಕರಿನಾಯಕನ ಕೈಯಿಂದ ಹೈದರಾಲಿಯ ವಶವಾದದ್ದು ೧೭೭೯ರಲ್ಲಿ. ಇದೇ ಕೋಟೆಯ ಗೋಡೆಗಳನ್ನು ಹಗ್ಗದ ಆಸರೆಯಿಲ್ಲದೆ ಏರಿ ಜನರನ್ನು ಬೆರಗುಗೊಳಿಸಿದ ಜ್ಯೋತಿರಾಜ್ 'ಕೋತಿರಾಜ' ಎಂದೇ ನಾಡಿನಲ್ಲೆಲ್ಲ ಹೆಸರಾದರು. ನಮ್ಮ ಹುಡುಗರ ಬಾಯಲ್ಲಿ ದಾರಿಯುದ್ದಕ್ಕೂ ಅವರದೇ ಮಾತು. ಆದರೆ ಸಂರಕ್ಷಿತ ಸ್ಮಾರಕದ ಗೋಡೆಗೆ ಕೈ ಹಚ್ಚಕೂಡದು, ಪ್ರವಾಸಿಗರು ಏರುವ ತುಪ್ಪದ ಕೊಳದ ದಾರಿಯೇ ಸಾಕು ಎಂದು ಮೊದಲೇ ಒಪ್ಪಿಸಿದ್ದೆ.

ಆ ದಾರಿಯೇನೂ ಸಾಮಾನ್ಯವಲ್ಲ. ಬೋಳುಬಂಡೆಯ ಓರೆಮೈಯಲ್ಲಿ ಪಾದದ ಮುಂಭಾಗ ಊರುವಷ್ಟೇ ಆಳದ ಗುಳಿಗಳನ್ನು ಕಡಿದಿದ್ದಾರೆ. ಕೈಗೆ ಹಿಡಿಯಲೂ ಅಂಥ ಗುಳಿಗಳೇ ಆಸರೆ. ನಾನು ಬುಡದಲ್ಲಿ ಕುಳಿತೆ. ಹುಡುಗರು ಏರತೊಡಗಿದರು. ಹತ್ತು ಗಂಟೆಯ ಬಿಸಿಲಿಗೆ ಬಂಡೆ ಕಾಯುತ್ತಿತ್ತು. ಗೆಳೆಯರಿಬ್ಬರು ಮೇಲೆ ಸಾಗಿದರು. ಮೊಮ್ಮಗ ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಮೊದಲು ದಣಿವಾರಿಸಿಕೊಳ್ಳುತ್ತಿರಬಹುದೆಂದುಕೊಂಡೆ. ಬಳಿಕ ಅವನ ಮೊಣಕಾಲು ನಡುಗುತ್ತಿರುವುದು ಕೆಳಗಿನಿಂದಲೇ ಕಾಣಿಸಿತು. "ಅಜ್ಜಾ, ಕಣ್ಣು ಕತ್ತಲೆ ಬರುತ್ತಿದೆ" ಎಂದ. ಮೇಲೇರುವಂತಿಲ್ಲ, ಕೆಳಗಿಳಿಯುವಂತಿಲ್ಲ. ಹಿಂದಿನ ರಾತ್ರಿ ಬೇಗ ಹೊರಡಬೇಕೆಂದು ಅರೆಹೊಟ್ಟೆ ಉಂಡು ಮಲಗಿದ್ದವನು, ಬೆಳಗಿನಿಂದ ಒಂದು ಲೋಟ ನೀರನ್ನು ಬಿಟ್ಟರೆ ಏನನ್ನೂ ಮುಟ್ಟಿರಲಿಲ್ಲ. ಅವನನ್ನು ಆ ಬಂಡೆಯ ಮೇಲೆ ಬರಿಹೊಟ್ಟೆಯಲ್ಲಿ ನಿಲ್ಲಿಸಿದವನು ನಾನು.

"ಬಂಡೆಗೆ ಮೈಯಾನಿಸಿ ಕೂತುಕೋ, ಕೆಳಗೆ ನೋಡಬೇಡ" ಎಂದು ಕೂಗಿದೆ. ಗೆಳೆಯರಲ್ಲೊಬ್ಬನ ಚೀಲದಲ್ಲಿ ಅಜ್ಜಿಯ ಗಂಟಿತ್ತು. ಅವನು ನಿಧಾನವಾಗಿ ಇಳಿದು ಬಂದು ಬೆಲ್ಲದ ತುಂಡನ್ನೂ ಎರಡು ಪುಟ್ಟಬಾಳೆಹಣ್ಣುಗಳನ್ನೂ ತಿನ್ನಿಸಿ, ನೀರನ್ನು ಗುಟುಕು ಗುಟುಕಾಗಿ ಕುಡಿಸಿದ. ಕಾಲು ಗಂಟೆ ಕಳೆಯಿತು. ನಡುಕ ನಿಂತಿತು. ಆಮೇಲೆ ಇಬ್ಬರ ಆಸರೆಯಲ್ಲಿ ಕುಳಿತುಕೊಂಡೇ ಗುಳಿಯಿಂದ ಗುಳಿಗೆ ಜಾರಿ ಕೆಳಗೆ ಬಂದ. ನನ್ನ ಬಾಯಲ್ಲಿ ಮಾತಿರಲಿಲ್ಲ. ಅಂದು ನಾನೂ ಒಪ್ಪೊತ್ತನ್ನು ಮುರಿದೆ. ಗೋಪಾಲಸ್ವಾಮಿ ಹೊಂಡದ ಬಳಿ ನೆರಳಿನಲ್ಲಿ ಕುಳಿತು ನಾಲ್ವರೂ ಬುತ್ತಿ ಬಿಚ್ಚಿದೆವು.

ಉಂಡ ಬಳಿಕ ಕೋಟೆಯನ್ನು ನೋಡಿದಾಗ ಅದು ನನಗೆ ಬೇರೆಯಾಗಿಯೇ ಕಂಡಿತು. ನಾವು ಬಿದ್ದೇವೆಂದು ಅಂಜಿದ ಬಂಡೆಯ ಹೆಸರೇ ತುಪ್ಪದ ಕೊಳ. ಇನ್ನೊಂದೆಡೆ ಎಣ್ಣೆಯ ಕೊಳ. ಧಾನ್ಯ ತುಂಬುವ ಕಣಜಗಳು. ಸಿಹಿನೀರು ಹೊಂಡ, ಅಕ್ಕತಂಗಿಯರ ಹೊಂಡ, ಒಂದರ ನೀರು ಇನ್ನೊಂದಕ್ಕೆ ಹರಿಯುವಂತೆ ಮಾಡಿದ ಏರ್ಪಾಡು. ಕಲ್ಲಿನ ಗೋಡೆಯಷ್ಟರಿಂದಲೇ ಕೋಟೆ ಉಳಿಯುವುದಿಲ್ಲ, ಏರಿ ಕಾಯುವವನ ಹೊಟ್ಟೆಗೆ ಅನ್ನ ನೀರುಗಳಿರಬೇಕೆಂಬುದನ್ನು ಕಟ್ಟಿದವರು ಅರಿತಿದ್ದರು. ಒನಕೆ ಓಬವ್ವನ ಕಥೆಯನ್ನು ನಾವು ಶೌರ್ಯದ ಕಥೆಯೆಂದು ಮಕ್ಕಳಿಗೆ ಹೇಳುತ್ತೇವೆ. ಅದರ ಆರಂಭವನ್ನು ಗಮನಿಸಿರಿ. ಕಾವಲುಗಾರ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾನೆ. ಅವನಿಗೆ ಕುಡಿಯುವ ನೀರು ತರಲು ಹೋದ ಹೆಂಡತಿಗೆ ಕಿಂಡಿಯಲ್ಲಿ ಶತ್ರುಗಳ ಸುಳಿವು ಸಿಕ್ಕುತ್ತದೆ. ಅವಳು ಗಂಡನನ್ನು ಊಟದ ನಡುವೆ ಎಬ್ಬಿಸದೆ ಒನಕೆಯನ್ನು ಕೈಗೆತ್ತಿಕೊಂಡಳೆಂದು ಜನ ಹೇಳುತ್ತಾರೆ. ದುಡಿಯುವವನ ಊಟಕ್ಕೆ ಆ ಮನೆಯಲ್ಲಿ ಅಷ್ಟು ಬೆಲೆಯಿತ್ತು.

ಊರಿಗೆ ಮರಳಿದ ಮೇಲೆ, ನನಗಾದ ತಪ್ಪು ಬೇರೆ ಮನೆಗಳಲ್ಲಿ ಆಗದಿರಲೆಂದು ಈ ವಿಷಯವನ್ನು ತಕ್ಕಮಟ್ಟಿಗೆ ಓದಿದೆ. ಅದರ ಸಾರವನ್ನು ಇಲ್ಲಿ ನಿವೇದಿಸುತ್ತೇನೆ.

ನಾವು ಉಂಡ ಅನ್ನ, ರೊಟ್ಟಿ, ಮುದ್ದೆಗಳ ಪಿಷ್ಟವು ಸಕ್ಕರೆಯ ರೂಪ ತಾಳಿ, ಅದರ ಒಂದು ಭಾಗ ಗ್ಲೈಕೋಜನ್ ಎಂಬ ದಾಸ್ತಾನಾಗಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸೇರುತ್ತದೆ. ಇದು ಮೈಯೊಳಗಿನ ಕಣಜ. ಯಕೃತ್ತಿನ ಕಣಜ ಚಿಕ್ಕದು. ರಾತ್ರಿಯ ನಿದ್ರೆಯ ಕಾಲದಲ್ಲಿಯೇ ಬಹುಪಾಲು ಕರಗಿರುತ್ತದೆ. ಮನೆಯಲ್ಲಿ ಜಪ, ಪಾರಾಯಣಗಳಲ್ಲಿ ಕುಳಿತವನಿಗೆ ಉಳಿದದ್ದೇ ಸಾಕಾದೀತು. ಬಂಡೆ ಏರುವವನ ಬೆರಳು, ಮುಂದೋಳು, ತೊಡೆಗಳು ಗಳಿಗೆ ಗಳಿಗೆಗೂ ಬಿಗಿಹಿಡಿದು ದುಡಿಯುತ್ತವೆ. ಅಂಥ ದುಡಿಮೆಗೆ ಪಿಷ್ಟವೇ ಮುಖ್ಯ ಇಂಧನ. ಕೊಬ್ಬಿನಲ್ಲಿ ಗ್ರಾಮಿಗೆ ೯ ಕ್ಯಾಲೊರಿ, ಪಿಷ್ಟದಲ್ಲಿ ೪ ಎಂಬುದು ನಿಜ. ಆದರೆ ಕೊಬ್ಬು ಜೀರ್ಣವಾಗುವುದೂ ಉರಿಯುವುದೂ ನಿಧಾನ. ಆದುದರಿಂದ ತುಪ್ಪ, ಹೋಳಿಗೆ, ಕರಿದ ತಿಂಡಿಗಳು ಏರುವ ಮುನ್ನ ತಕ್ಕುವಲ್ಲ.

ಹಿಂದಿನ ರಾತ್ರಿ ಎಂದಿನಂತೆ ಹೊಟ್ಟೆ ತುಂಬ ಊಟವಾಗಲಿ: ಅನ್ನ ಅಥವಾ ಮುದ್ದೆ, ಬೇಳೆಯ ಸಾರು, ಪಲ್ಯ, ಮೊಸರು. ಏರುವುದಕ್ಕೆ ಎರಡು ಮೂರು ಗಂಟೆ ಮೊದಲು ಹಗುರವಾದರೂ ಪೂರ್ಣವಾದ ಉಪಾಹಾರ ಬೇಕು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೧ರಿಂದ ೨ ಗ್ರಾಂ ಪಿಷ್ಟ ಎಂಬುದು ಸ್ಥೂಲ ಲೆಕ್ಕ. ೬೦ ಕಿಲೋ ತೂಗುವ ಹುಡುಗನಿಗೆ ೧೦೦ ಗ್ರಾಂ ಅವಲಕ್ಕಿಯ ಒಗ್ಗರಣೆಯೂ ಒಂದು ಬಾಳೆಹಣ್ಣೂ ಆದರೆ ಈ ಲೆಕ್ಕ ಚೆನ್ನಾಗಿ ತುಂಬುತ್ತದೆ. ಅಕ್ಕಿರೊಟ್ಟಿ, ಇಡ್ಲಿ, ರಾಗಿ ಗಂಜಿ ಯಾವುದಾದರೂ ಆದೀತು. ಹೊಸ ತಿಂಡಿಯನ್ನು ಅಂದೇ ಪರೀಕ್ಷಿಸಬಾರದು.

ಒಂದು ಗಂಟೆಗೂ ಮೀರಿದ ಶ್ರಮವಾದರೆ ನಡುನಡುವೆ ಬಾಯಾಡಿಸುತ್ತಿರಬೇಕು. ಗಂಟೆಗೆ ೩೦ರಿಂದ ೬೦ ಗ್ರಾಂ ಪಿಷ್ಟ ಎಂದು ಬಲ್ಲವರು ಹೇಳುತ್ತಾರೆ. ಸುಮಾರು ೪೦ ಗ್ರಾಂ ಒಣದ್ರಾಕ್ಷಿಯಲ್ಲಿ ೩೦ ಗ್ರಾಂ ದೊರೆಯುತ್ತದೆ. ನಮ್ಮ ಗಂಟಿನಲ್ಲಿದ್ದ ಬೆಲ್ಲ, ಬಾಳೆಹಣ್ಣು, ತಂಬಿಟ್ಟು, ಕಡಲೆ ಮಿಠಾಯಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಮಂಡಕ್ಕಿ ಹಗುರ, ಹುರಿಗಡಲೆ, ಶೇಂಗಾ ಬೆರೆಸಿದರೆ ಅದಕ್ಕೆ ಸತ್ತ್ವವೂ ಸೇರುತ್ತದೆ. ಆದರೆ ಬಂಡೆಯ ಮೇಲೆ ತೂಗಾಡುತ್ತ ಜಗಿಯಬಾರದು, ಸಮತಟ್ಟಾದ ಜಾಗದಲ್ಲಿ ಕುಳಿತೇ ತಿನ್ನಬೇಕು.

ಕುಡಿಯುವ ವಿಷಯದಲ್ಲಿ ಕುಲುಮೆಯ ಆ ನೆರೆಯವರೇ ನನ್ನ ಗುರುಗಳು. ಹೊರಡುವ ಎರಡು ಗಂಟೆ ಮೊದಲು ಅರ್ಧ ಲೀಟರಿನಷ್ಟು ನೀರು, ಏರುವಾಗ ಬಾಯಾರಿಕೆಯನ್ನನುಸರಿಸಿ ಸ್ವಲ್ಪ ಸ್ವಲ್ಪ. ಬಿಸಿಲಿನಲ್ಲಿ ಬಹಳ ಹೊತ್ತು ಬೆವರಿದವನು ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಪರು ಬರಬಹುದು. ಉಪ್ಪು ಹಾಕಿದ ಮಜ್ಜಿಗೆ, ಚಿಟಿಕೆ ಉಪ್ಪು ಬೆರೆಸಿದ ಬೆಲ್ಲದ ಪಾನಕ, ನಿಂಬೆಯ ಶರಬತ್ತು ಇವು ಬಣ್ಣದ ಬಾಟಲಿಗಳಿಗೆ ಏನೂ ಕಡಿಮೆಯಲ್ಲ. ವಾಂತಿ ಭೇದಿಗಳಿಂದ ಬಳಲಿದವನಿಗೆ ಕೊಡುವ, ೧ ಲೀಟರ್ ಶುದ್ಧ ನೀರಿಗೆ ೬ ಮಟ್ಟಸ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಕರಗಿಸಿದ ದ್ರಾವಣವನ್ನೂ ತಾಯಂದಿರು ನೆನಪಿನಲ್ಲಿಡಲಿ. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲದೆಂದೇ ತಿಳಿಯಬೇಕು. ಚಹಾ, ಕಾಫಿ ಮಿತವಾಗಿದ್ದರೆ ದೋಷವಿಲ್ಲ. ಆದರೆ ಅವು ಊಟಕ್ಕೆ ಬದಲಿಯಲ್ಲ.

ಇಳಿದು ಬಂದ ಮೇಲೆ ಸವೆದ ಸ್ನಾಯುವನ್ನು ಕಟ್ಟಿಕೊಳ್ಳಲು ಸಸಾರಜನಕ ಬೇಕು. ೨೦ ಗ್ರಾಮಿನಷ್ಟು ಸಾಕು. ಸುಮಾರು ೮೫ ಗ್ರಾಂ ಒಣ ಹೆಸರುಕಾಳನ್ನು ನೆನೆಸಿ ಉಸಲಿ ಮಾಡಿದರೆ ಅಷ್ಟು ಸಿಕ್ಕುತ್ತದೆ. ಜೊತೆಗೆ ಅನ್ನ, ಮೊಸರು ಇದ್ದರೆ ಶಾಕಾಹಾರಿ ಮನೆಯಲ್ಲಿ ಇನ್ನಾವ ಪುಡಿಯೂ ಬೇಕಾಗುವುದಿಲ್ಲ. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ; ಬೆಳೆಯುವ ಮಕ್ಕಳ ಎಲುಬಿಗೆ ಅದೇ ಆಸರೆ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಶಿಲಾರೋಹಣ ಈಗ ದೊಡ್ಡ ಕ್ರೀಡೆ. ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಮೈ ಹಗುರವಾದಷ್ಟೂ ಏರುವುದು ಸುಲಭವೆಂದು ಊಟ ಬಿಡುವ ಕ್ರೀಡಾಪಟುಗಳು ಹೆಚ್ಚಿದಾಗ, ಅವರ ಎಲುಬು ಸವೆದು, ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವ ತನಕ ಹಾನಿಯಾಗುವುದನ್ನು ವೈದ್ಯರು ಕಂಡರು. ಅಂತಾರಾಷ್ಟ್ರೀಯ ಆರೋಹಣ ಒಕ್ಕೂಟವು ೨೦೨೪ರಲ್ಲಿ ಇದರ ತಡೆಗೆ ನಿಯಮಗಳನ್ನೇ ತರಬೇಕಾಯಿತು. ಪದಕಕ್ಕಾಗಿ ಹಸಿದಿರುವ ಆ ಮಕ್ಕಳಿಗೂ, ನಿಯಮದ ಅಭಿಮಾನದಿಂದ ಮೊಮ್ಮಗನನ್ನು ಹಸಿದು ಕಳುಹಿಸಿದ ನನಗೂ ಆದ ತಪ್ಪು ಒಂದೇ: ದುಡಿಯುವ ಮೈಗೆ ಸಲ್ಲಬೇಕಾದುದನ್ನು ಸಲ್ಲಿಸಲಿಲ್ಲ. ಮಧುಮೇಹ ಅಥವಾ ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಉಪವಾಸವನ್ನಾಗಲಿ ಆರೋಹಣವನ್ನಾಗಲಿ ಕೈಗೊಳ್ಳಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ.

ಅಂದು ರಾತ್ರಿ ಓಲ್ಡ್ ಟೌನಿಗೆ ಮರಳಿದಾಗ ದೀಪ ಹಚ್ಚಿ ಕಾದಿದ್ದ ಅವನ ಅಜ್ಜಿ ಮೊದಲು ಕೇಳಿದ್ದು, "ಬುತ್ತಿ ಮುಗಿಯಿತೇ?" ಎಂದು. ಖಾಲಿಯಾದ ಬಟ್ಟೆಯನ್ನು ಕೈಗಿಟ್ಟು ನಡೆದುದನ್ನೆಲ್ಲ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. "ಒಪ್ಪೊತ್ತು ದೇವರ ಮುಂದೆ ಕೂರುವ ದಿನಕ್ಕೆ. ಬೆಟ್ಟ ಹತ್ತುವ ದಿನಕ್ಕಲ್ಲ. ನಿಮಗೆ ಇಷ್ಟು ಓದಿಯೂ ತಿಳಿಯಲಿಲ್ಲವಲ್ಲ" ಎಂದಷ್ಟೇ ಹೇಳಿ ಎಲೆ ಹಾಕಿದಳು.

ಮುಂದಿನ ಸೋಮವಾರ ಮೊಮ್ಮಗನೂ ನಾನೂ ಮನೆಯಲ್ಲಿಯೇ ಇದ್ದು ಒಪ್ಪೊತ್ತನ್ನು ಸಾಂಗವಾಗಿ ನಡೆಸಿದೆವು. ಅದಾದ ಭಾನುವಾರ ಅವನು ಮತ್ತೆ ದುರ್ಗಕ್ಕೆ ಹೋದ. ಬೆಳಗ್ಗೆ ಎದುರಿಗೆ ಕುಳಿತು ಅವಲಕ್ಕಿ ತಿನ್ನಿಸಿ, ಮಜ್ಜಿಗೆಗೆ ಉಪ್ಪು ಹಾಕಿ ಬಾಟಲಿಗೆ ತುಂಬಿದವನು ನಾನೇ. ತುಪ್ಪದ ಕೊಳದ ತುದಿಯಲ್ಲಿ ನಿಂತು ಊರನ್ನೆಲ್ಲ ನೋಡಿದೆನೆಂದು ಸಂಜೆ ಬಂದು ಹೇಳಿದ. ಬುತ್ತಿಯಲ್ಲಿ ಎರಡು ತಂಬಿಟ್ಟು ಉಳಿದಿದ್ದವು. ಅವನ್ನು ನನಗೆಂದೇ ತಂದಿದ್ದ.